ಸಿಂಹಾಸನ ಮತ್ತು ಧರ್ಮ: ವಿಜಾಪುರ ಹಾಗೂ ಇಂಗ್ಲಂಡಗಳ ಒಂದು ತೌಲನಿಕ ನೋಟ

ಕ್ರಿ.ಶ. 1534ನೆಯ ವರ್ಷವು ಒಂದಕ್ಕೊಂದು ಬಲುದೂರವಿದ್ದ ಎರಡು ರಾಜ್ಯಗಳ ಇತಿಹಾಸದಲ್ಲಿ ಸ್ಮರಣೀಯವಾದುದು. ಆ ವರ್ಷ ಇಂಗ್ಲಂಡದ ಪಾರ್ಲಿಮೆಂಟು, ಎಂಟನೆಯ ಹೆನ್ರಿಯೇ ಆ ದೇಶದ ಧರ್ಮಸಂಸ್ಥೆಗೆ ಪರಮಾಧಿಪತಿಯೆಂದು ಶಾಸನ ಮಾಡಿತು. ಅದೇ ವರ್ಷ ವಿಜಾಪುರದಲ್ಲಿ ಪಟ್ಟವೇರಿದ ಒಂದನೆಯ ಇಬ್ರಾಹಿಂ ಆದಿಲಶಹನು, ತನ್ನ ತಂದೆಯೂ ಅಜ್ಜನೂ ರಾಜಪಂಥವಾಗಿ ನಡೆಸಿಕೊಂಡು ಬಂದಿದ್ದ ಶಿಯಾ ಪದ್ಧತಿಯನ್ನು ಕೈಬಿಟ್ಟು ಸುನ್ನಿ ಪದ್ಧತಿಯನ್ನು ಅಂಗೀಕರಿಸಿದನು. ಇಪ್ಪತ್ತುನಾಲ್ಕು ವರ್ಷಗಳ ತರುವಾಯ, 1558ರಲ್ಲಿ, ಈ ಎರಡೂ ಸಿಂಹಾಸನಗಳು ಮತ್ತೊಮ್ಮೆ ಒಂದೇ ವರ್ಷದಲ್ಲಿ ಹೊಸ ಒಡೆಯರನ್ನು ಕಂಡವು. ಅಲ್ಲಿ ಎಲಿಜಬೆತ್ ರಾಣಿಯೂ ಇಲ್ಲಿ ಒಂದನೆಯ ಅಲಿ ಆದಿಲಶಹನೂ ಪಟ್ಟಕ್ಕೆ ಬಂದರು. ಇಬ್ಬರೂ ತಮ್ಮ ಹಿಂದಿನವರ ಧರ್ಮನೀತಿಯನ್ನು ತಲೆಕೆಳಗು ಮಾಡಿದರು.

ಈ ಹೊಂದಿಕೆ ಕೇವಲ ಕಾಕತಾಳೀಯವಾದುದು. ವಿಜಾಪುರದ ಅರಸರಿಗೆ ಹೆನ್ರಿಯ ಶಾಸನದಿಂದ ಆಗಬೇಕಾದುದೇನೂ ಇರಲಿಲ್ಲ. ಹೆನ್ರಿಗೆ ವಿಜಾಪುರದ ಹೆಸರು ತಿಳಿದಿರಬೇಕಾದ ಕಾರಣವೂ ಇರಲಿಲ್ಲ. ಆದರೆ ಇಬ್ಬರ ಮುಂದೆಯೂ ಇದ್ದ ಪ್ರಶ್ನೆ ಒಂದೇ. ಪ್ರಜೆಗಳು ದೇವರನ್ನು ಆರಾಧಿಸುವ ಬಗೆಯನ್ನು ಅರಸನು ಎಷ್ಟರಮಟ್ಟಿಗೆ ನಿರ್ಣಯಿಸಬಲ್ಲನು? ಅವನ ಆಜ್ಞೆಯಿಂದ ಬದಲಾಗುವುದು ಯಾವುದು, ಬದಲಾಗದೆ ಉಳಿಯುವುದು ಯಾವುದು?

ಮಲಪ್ರಭೆಯ ದಂಡೆಯ ಈ ಸೀಮೆಗೆ ಇದು ಹೊರಗಿನ ಪ್ರಶ್ನೆಯಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ಕಲ್ಯಾಣದಲ್ಲಿ ಅರಸೊತ್ತಿಗೆಗೂ ಶರಣರಿಗೂ ವಿರಸ ಬಂದಾಗ, ಉಳವಿಯತ್ತ ನಡೆದ ಶರಣರು ಹಾಯ್ದು ಹೋದುದು ಈ ನೆಲದ ಮೇಲೆಯೇ ಎಂದು ಪರಂಪರೆ ಹೇಳುತ್ತದೆ. ಕಾದರವಳ್ಳಿಯ ಕಾಳಗದ ನೆನಪು, ಮುಗುಟಖಾನ ಹುಬ್ಬಳ್ಳಿಯ ಹೊಳೆಯೊಳಗಿನ ಗಂಗಾಂಬಿಕೆಯ ಐಕ್ಯಸ್ಥಳ ಇವು ಆ ಪರಂಪರೆಯ ಗುರುತುಗಳು. ಹದಿನಾರನೆಯ ಶತಮಾನದಲ್ಲಿ ಬೆಳಗಾವಿಯ ಸೀಮೆಯು ವಿಜಾಪುರದ ಅಧೀನವಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷರ ಕೈಸೇರಿತು. ಹೀಗಾಗಿ ಈ ಎರಡು ಸಿಂಹಾಸನಗಳ ಕಥೆಯನ್ನು ಜೊತೆಜೊತೆಯಾಗಿ ಓದುವುದು ಇಲ್ಲಿಯ ವಿದ್ಯಾವಂತರಿಗೆ ಪ್ರಯೋಜನಕರವಾಗಿದೆ.

ವಿಜಾಪುರದ ಪಂಥಪರಿವರ್ತನೆಗಳು

ಬಹಮನಿ ರಾಜ್ಯವು ಒಡೆದು ಹೋಗುತ್ತಿದ್ದ ಕಾಲದಲ್ಲಿ ವಿಜಾಪುರದ ಅರಸುಮನೆತನವನ್ನು ಸ್ಥಾಪಿಸಿದವನು ಯೂಸುಫ್ ಆದಿಲಖಾನನು. 1501ರಲ್ಲಿ ಇರಾಣದಲ್ಲಿ ಶಹಾ ಇಸ್ಮಾಯಿಲನು ಶಿಯಾ ಪಂಥವನ್ನು ರಾಜಧರ್ಮವೆಂದು ಸಾರಿದ ಬೆನ್ನಿಗೇ, 1502ರಲ್ಲಿ ಯೂಸುಫನೂ ತನ್ನ ರಾಜಧಾನಿಯಲ್ಲಿ ಅದೇ ಪದ್ಧತಿಯನ್ನು ಜಾರಿಗೆ ತಂದನು. ಶುಕ್ರವಾರದ ಪ್ರಾರ್ಥನೆಯಲ್ಲಿ ಓದುವ ಖುತ್ಬಾದೊಳಗೆ ಯಾರ ಹೆಸರುಗಳು ಬರಬೇಕು ಎಂಬುದು ಅಂದು ರಾಜ್ಯದ ಪಂಥವನ್ನು ತೋರಿಸುವ ಗುರುತಾಗಿತ್ತು. ಯೂಸುಫನು ಅದರಲ್ಲಿ ಹನ್ನೆರಡು ಇಮಾಮರ ಹೆಸರುಗಳನ್ನು ಸೇರಿಸಿದನು. ಆದರೆ ತನ್ನ ಸರದಾರರಲ್ಲಿ ಸುನ್ನಿಗಳು ತಮ್ಮ ಪದ್ಧತಿಯಂತೆ ನಡೆಯಲು ಅವಕಾಶವಿತ್ತನು. ಸುನ್ನಿಗಳಿಗೆ ಪೂಜ್ಯರಾದ ಪ್ರವಾದಿಯ ಸಹಚರರನ್ನು ಯಾರೂ ನಿಂದಿಸಕೂಡದೆಂದು ವಿಧಿಸಿದನು. ಇಷ್ಟಾದರೂ ನೆರೆಯ ಸುಲ್ತಾನರು ಒಂದಾಗಿ ಅವನ ಮೇಲೆ ದಂಡೆತ್ತಿ ಬಂದರು. ಯೂಸುಫನು ವರ್‍ಹಾಡಕ್ಕೆ ಸರಿದು, ಕೆಲಕಾಲ ಹಳೆಯ ಖುತ್ಬಾವನ್ನೇ ಓದಿಸಿ, ಶತ್ರುಗಳು ಚದುರಿದ ಮೇಲೆ ಮತ್ತೆ ತನ್ನ ಪದ್ಧತಿಯನ್ನು ಮುಂದುವರಿಸಿದನು.

1510ರಲ್ಲಿ ಯೂಸುಫನು ತೀರಿಕೊಂಡು ಬಾಲಕನಾದ ಇಸ್ಮಾಯಿಲನು ಪಟ್ಟಕ್ಕೆ ಬಂದಾಗ, ಆಡಳಿತ ವಹಿಸಿಕೊಂಡಿದ್ದ ಕಮಾಲಖಾನನು ಸುನ್ನಿ ಪದ್ಧತಿಯನ್ನು ಮರಳಿ ತಂದನು. ಸಿಂಹಾಸನದ ಮೇಲೂ ಕಣ್ಣಿಟ್ಟನು. ಆ ಸಂಚು ಮುರಿದುಬಿದ್ದು ಅವನು ಹತನಾದ ಮೇಲೆ ಶಿಯಾ ಪದ್ಧತಿ ಪುನಃ ಬಂದಿತು. ಇರಾಣದ ಅರಸನ ರಾಯಭಾರಿ ಬಂದು ಹೋದ ತರುವಾಯ ಇಸ್ಮಾಯಿಲನು ತನ್ನ ಸೈನಿಕರಿಗೆ ಹನ್ನೆರಡು ಮೊನೆಗಳ ಕೆಂಪು ಟೊಪ್ಪಿಗೆಯನ್ನು ವಿಧಿಸಿದನು. ಹೀಗೆ ಮಸೀದಿಯೊಳಗಿನ ವಿಷಯವು ಸೈನಿಕನ ತಲೆಯ ಮೇಲೆ ಎದ್ದು ಕಾಣುವಂತಾಯಿತು.

ಇಬ್ರಾಹಿಮನು 1534ರಲ್ಲಿ ಮಾಡಿದ ಬದಲಾವಣೆಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅವನು ಖುತ್ಬಾದಿಂದ ಇಮಾಮರ ಹೆಸರುಗಳನ್ನು ತೆಗೆಸಿದನು. ಕೆಂಪು ಟೊಪ್ಪಿಗೆಯನ್ನು ನಿಲ್ಲಿಸಿದನು. ಇರಾಣ ಮುಂತಾದ ದೇಶಗಳಿಂದ ಬಂದು ನೌಕರಿಗೆ ನಿಂತಿದ್ದ ಪರದೇಶೀ ಸೈನಿಕರಲ್ಲಿ ನಾನೂರು ಜನರನ್ನಷ್ಟೇ ಉಳಿಸಿಕೊಂಡು ಮಿಕ್ಕವರನ್ನು ತೆಗೆದುಹಾಕಿ, ಅವರ ಜಾಗದಲ್ಲಿ ದಖ್ಖನಿಗಳನ್ನೂ ಹಬಸಿಗಳನ್ನೂ ನೇಮಿಸಿದನು. ಹೀಗೆ ಕೆಲಸ ಕಳೆದುಕೊಂಡವರಲ್ಲಿ ಮೂರು ಸಾವಿರ ಜನರನ್ನು ವಿಜಯನಗರದ ರಾಮರಾಯನು ತನ್ನ ಸೇವೆಗೆ ತೆಗೆದುಕೊಂಡನೆಂದೂ, ಅವರು ವಂದನೆ ಸಲ್ಲಿಸಲು ಅಡ್ಡಿಯಾಗದಂತೆ ತನ್ನ ಆಸನದ ಮುಂದೆ ಕುರಾನಿನ ಪ್ರತಿಯನ್ನು ಇರಿಸಿಕೊಳ್ಳುತ್ತಿದ್ದನೆಂದೂ ಇತಿಹಾಸಕಾರ ಫಿರಿಸ್ತಾ ಬರೆದಿದ್ದಾನೆ. ಇಬ್ರಾಹಿಮನ ಇನ್ನೊಂದು ಸುಧಾರಣೆಯೂ ಗಮನಾರ್ಹವಾದುದು. ಅದುವರೆಗೆ ಪಾರಸಿಯಲ್ಲಿದ್ದ ಸರಕಾರಿ ಲೆಕ್ಕಪತ್ರಗಳನ್ನು ಫಿರಿಸ್ತಾ ‘ಹಿಂದವಿ’ ಎಂದು ಕರೆದಿರುವ ದೇಶಭಾಷೆಯಲ್ಲಿ ಬರೆಯಬೇಕೆಂದು ಅವನು ಆಜ್ಞೆ ಮಾಡಿ, ಆ ಕೆಲಸವನ್ನು ಬ್ರಾಹ್ಮಣ ಲೆಕ್ಕಿಗರಿಗೆ ಒಪ್ಪಿಸಿದನು. ಪಂಥದ ಬದಲಾವಣೆಯೊಡನೆ ಕಚೇರಿಯ ಭಾಷೆ, ಸೈನ್ಯದ ರಚನೆ, ಅಧಿಕಾರವರ್ಗದ ಬಣ ಇವೆಲ್ಲವೂ ಬದಲಾದುವು.

ಇಂಥ ಬದಲಾವಣೆಯಲ್ಲಿ ಒಬ್ಬ ನಿಷ್ಠಾವಂತನ ಪಾಡು ಏನಾಗುತ್ತದೆ ಎಂಬುದಕ್ಕೆ ಬೆಳಗಾವಿಯ ಅಸದಖಾನನ ಜೀವನ ನಿದರ್ಶನವಾಗಿದೆ. ಲಾರ್ ಪ್ರಾಂತದಿಂದ ಬಂದ ಈತನು ಕಮಾಲಖಾನನ ಸಂಚಿನ ಸಮಯದಲ್ಲಿ ಇಸ್ಮಾಯಿಲನ ಪಕ್ಷ ಹಿಡಿದು ನಿಂತುದಕ್ಕಾಗಿ ಅಸದಖಾನನೆಂಬ ಬಿರುದನ್ನೂ ಬೆಳಗಾವಿಯ ಜಹಗೀರನ್ನೂ ಪಡೆದಿದ್ದನು. ಅವನು ಶಿಯಾ ಪಂಥದವನು. ಅರಸನು ಸುನ್ನಿಯಾದೊಡನೆ ಹಳೆಯ ಸೇವಕನ ಶ್ರದ್ಧೆಯೇ ಸಂಶಯಕ್ಕೆ ಕಾರಣವಾಯಿತು. ಶಿಯಾ ಪಂಥವನ್ನು ಸ್ವೀಕರಿಸಿದ್ದ ಅಹಮದನಗರದ ಬುರ್‍ಹಾನ ನಿಜಾಮಶಹನು ದಂಡೆತ್ತಿ ಬಂದಾಗ, ಸಮಾನಪಂಥದವನಾದ ಅಸದಖಾನನು ತನ್ನನ್ನು ಕೂಡಿಕೊಳ್ಳುವನೆಂಬ ಸುದ್ದಿಯನ್ನು ಹಬ್ಬಿಸಲಾಯಿತು. ಇಬ್ರಾಹಿಮನು ಅದನ್ನು ನಂಬಿದನು. ಕಡೆಗೆ ಅಸದಖಾನನು ತನ್ನ ನಿಷ್ಠೆಯನ್ನು ಕೃತಿಯಲ್ಲಿ ತೋರಿಸಿಕೊಟ್ಟು, 1549ರಲ್ಲಿ ಮೃತನಾದನು. ಬೆಳಗಾವಿಯ ದಂಡಿನ ಪ್ರದೇಶದಲ್ಲಿರುವ ಅವನ ಗೋರಿಗೆ ಎಲ್ಲ ಮತದ ಜನರೂ ನಡೆದುಕೊಳ್ಳುತ್ತ ಬಂದಿದ್ದಾರೆ. ಅವನು ಯಾವ ಪಂಥದವನಾಗಿದ್ದನೆಂಬುದನ್ನು ಅಲ್ಲಿ ಕಾಯಿ ಸಕ್ಕರೆ ಸಲ್ಲಿಸುವವರು ಕೇಳುವುದಿಲ್ಲ.

ಇಬ್ರಾಹಿಮನ ಮಗ ಅಲಿಯು ರಾಜಕುಮಾರನಾಗಿದ್ದಾಗಲೇ ಶಿಯಾ ಪಂಥದತ್ತ ಒಲಿದು, ತಂದೆಯ ಕೋಪಕ್ಕೆ ಗುರಿಯಾಗಿ ಮಿರಜದ ಕೋಟೆಯಲ್ಲಿ ಕಾವಲಿನಲ್ಲಿದ್ದನು. 1558ರಲ್ಲಿ ಪಟ್ಟಕ್ಕೆ ಬಂದೊಡನೆ ತಂದೆಯ ಏರ್ಪಾಡನ್ನು ತೆಗೆದುಹಾಕಿ ಅಜ್ಜನ ಪದ್ಧತಿಯನ್ನು ಸ್ಥಾಪಿಸಿದನು. 1580ರಲ್ಲಿ ಅಲಿಯು ಕೊಲೆಗೀಡಾದನು. ಅವನಿಗೆ ಮಕ್ಕಳಿರಲಿಲ್ಲವಾದ್ದರಿಂದ ತಮ್ಮನ ಮಗನಾದ, ಒಂಬತ್ತು ವರ್ಷ ವಯಸ್ಸಿನ ಎರಡನೆಯ ಇಬ್ರಾಹಿಮನಿಗೆ ಪಟ್ಟವಾಯಿತು. ರಾಜಪ್ರತಿನಿಧಿಯಾದ ದಿಲಾವರಖಾನನ ಕಾಲದಲ್ಲಿ ಸುನ್ನಿ ಪದ್ಧತಿ ಮತ್ತೆ ಬಂದಿತು. ಎಂಬತ್ತು ವರ್ಷಗಳೊಳಗೆ ವಿಜಾಪುರದ ರಾಜಪಂಥವು ಹೀಗೆ ಅನೇಕ ಸಲ ಅತ್ತಿತ್ತ ತೂಗಾಡಿತು.

ಇಂಗ್ಲಂಡದ ಧರ್ಮಸುಧಾರಣೆ

ಇದೇ ಕಾಲದಲ್ಲಿ ಇಂಗ್ಲಂಡದಲ್ಲಿ ನಡೆದುದನ್ನು ಈಗ ನೋಡಬಹುದು. 1509ರಲ್ಲಿ ಪಟ್ಟವೇರಿದ ಎಂಟನೆಯ ಹೆನ್ರಿಯು ಮೊದಲು ರೋಮಿನ ಪೋಪರಿಗೆ ನಿಷ್ಠನಾಗಿದ್ದನು. ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರನನ್ನು ಖಂಡಿಸಿ ಗ್ರಂಥ ಬರೆದುದಕ್ಕಾಗಿ 1521ರಲ್ಲಿ ಪೋಪರಿಂದ ‘ಧರ್ಮರಕ್ಷಕ’ನೆಂಬ ಬಿರುದನ್ನೂ ಪಡೆದಿದ್ದನು. ಅವನ ಕೊರತೆಯೆಂದರೆ ಗಂಡು ಸಂತಾನದ್ದು. ರಾಣಿ ಕ್ಯಾಥರೀನಳಿಂದ ಮೇರಿ ಎಂಬ ಮಗಳು ಮಾತ್ರ ಉಳಿದಿದ್ದಳು. ಆ ವಿವಾಹವನ್ನು ರದ್ದುಪಡಿಸಲು ಪೋಪರು ಒಪ್ಪದಿರಲು, ಹೆನ್ರಿಯು ರೋಮಿನ ಅಧಿಕಾರವನ್ನೇ ತನ್ನ ರಾಜ್ಯದಿಂದ ಕಿತ್ತುಹಾಕಿದನು. 1533ರಲ್ಲಿ ಆರ್ಚಬಿಷಪ್ ಕ್ರಾನ್ಮರನು ವಿವಾಹ ಅಸಿಂಧುವೆಂದು ತೀರ್ಪಿತ್ತನು. ಮರುವರ್ಷ ಅರಸನ ಪರಮಾಧಿಪತ್ಯದ ಶಾಸನವಾಯಿತು. ಅದನ್ನು ಒಪ್ಪದ ಪಂಡಿತ ಥಾಮಸ್ ಮೋರನೂ ಬಿಷಪ್ ಜಾನ್ ಫಿಷರನೂ 1535ರಲ್ಲಿ ಶಿರಚ್ಛೇದಕ್ಕೆ ಗುರಿಯಾದರು. ಹೆನ್ರಿಯ ಸುಧಾರಣೆಯಲ್ಲಿ ತತ್ತ್ವದ ಬದಲಾವಣೆ ಕಡಿಮೆ. ಪೂಜಾವಿಧಿಯ ಬಹುಭಾಗ ಹಳೆಯದೇ ಆಗಿತ್ತು. ಬದಲಾದುದು ಮುಖ್ಯವಾಗಿ ಅಧಿಕಾರದ ನೆಲೆ ಮತ್ತು ಆಸ್ತಿಯ ಒಡೆತನ.

1547ರಲ್ಲಿ ಅವನ ಮಗ ಆರನೆಯ ಎಡ್ವರ್ಡನು, ವಿಜಾಪುರದ ಎರಡನೆಯ ಇಬ್ರಾಹಿಮನಂತೆಯೇ, ಒಂಬತ್ತು ವರ್ಷದ ಬಾಲಕನಾಗಿ ಪಟ್ಟವೇರಿದನು. ಅವನ ಹೆಸರಿನಲ್ಲಿ ಆಡಳಿತ ನಡೆಸಿದ ಸುಧಾರಕರು ಲ್ಯಾಟಿನ್ ಪೂಜಾವಿಧಿಯನ್ನು ತೆಗೆದು 1549ರಲ್ಲಿ ಇಂಗ್ಲಿಷ್ ಪ್ರಾರ್ಥನಾಗ್ರಂಥವನ್ನು ಜಾರಿಗೊಳಿಸಿದರು. 1553ರಲ್ಲಿ ಮೇರಿಯು ರಾಣಿಯಾದೊಡನೆ ಹಳೆಯ ಕ್ಯಾಥೊಲಿಕ್ ಧರ್ಮ ಮರಳಿತು. 1555ರಿಂದ ನಾಲ್ಕು ವರ್ಷಗಳಲ್ಲಿ ಸುಮಾರು ಮುನ್ನೂರು ಜನರನ್ನು ಧರ್ಮದ್ರೋಹದ ಆರೋಪದ ಮೇಲೆ ಜೀವಂತವಾಗಿ ಸುಡಲಾಯಿತು. ಕ್ರಾನ್ಮರನೂ 1556ರಲ್ಲಿ ಆಕ್ಸ್‌ಫರ್ಡಿನಲ್ಲಿ ಬೆಂಕಿಗೆ ಆಹುತಿಯಾದನು. 1558ರಲ್ಲಿ ಎಲಿಜಬೆತ್ ರಾಣಿಯು ಬಂದು, ಮರುವರ್ಷವೇ ಪುನಃ ರೋಮಿನ ಸಂಬಂಧವನ್ನು ಕಡಿದುಹಾಕಿದಳು. ‘ಪರಮಾಧಿಪತಿ’ ಎಂಬುದರ ಬದಲು ‘ಪರಮಪಾಲಕಿ’ ಎಂಬ ಮೃದುವಾದ ಪದವನ್ನು ತನಗೆ ಆರಿಸಿಕೊಂಡಳು. ಭಾನುವಾರ ಚರ್ಚಿಗೆ ಬಾರದವರಿಗೆ 12 ಪೆನ್ನಿಗಳ ದಂಡವನ್ನು ವಿಧಿಸಲಾಯಿತು. 1581ರಲ್ಲಿ ಅದು ತಿಂಗಳಿಗೆ 20 ಪೌಂಡುಗಳಿಗೆ ಏರಿತು. 1530ರ ಸುಮಾರಿಗೆ ಪ್ರಾಯಕ್ಕೆ ಬಂದು ಮೂವತ್ತು ವರ್ಷ ಬಾಳಿದ ಒಬ್ಬ ಸಾಧಾರಣ ಇಂಗ್ಲಿಷ್ ರೈತನು, ತಾನು ಕುಳಿತ ಊರಿನಲ್ಲಿಯೇ, ರಾಜಾಜ್ಞೆಯ ಮೇರೆಗೆ ನಾಲ್ಕು ಬಗೆಯ ಧರ್ಮವ್ಯವಸ್ಥೆಯನ್ನು ಕಂಡನು.

ಮಠಗಳ ವಿಸರ್ಜನೆ

ಇಂಗ್ಲಂಡದ ಸುಧಾರಣೆಯ ಒಂದು ಅಧ್ಯಾಯವು ಮಠಗಳ ನೆರಳಿನಲ್ಲಿ ವಿದ್ಯೆ ಕಲಿತವರಿಗೆ ವಿಶೇಷವಾಗಿ ಮನನೀಯವಾಗಿದೆ. ಹೆನ್ರಿಯ ಕಾಲಕ್ಕೆ ಆ ದೇಶದಲ್ಲಿ ಸುಮಾರು 800 ಸನ್ಯಾಸಿ ಮಠಗಳಿದ್ದವು. ಪ್ರವಾಸಿಗಳಿಗೆ ತಂಗುದಾಣ, ಬಡವರಿಗೆ ಅನ್ನ, ರೋಗಿಗಳಿಗೆ ಶುಶ್ರೂಷೆ, ಕೆಲವೆಡೆ ಬಾಲಕರಿಗೆ ಪಾಠ ಇವು ಅವುಗಳ ಸೇವೆಗಳು. ಕನ್ನಡ ನಾಡಿನ ಮಾತಿನಲ್ಲಿ ಹೇಳುವುದಾದರೆ ಇವು ದಾಸೋಹದ ಮನೆಗಳಾಗಿದ್ದವು. ಜೊತೆಗೆ ಅಪಾರವಾದ ಭೂಮಿಯ ಒಡೆತನವೂ ಅವಕ್ಕಿತ್ತು.

1535ರಲ್ಲಿ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ಲನು ಎರಡು ಕೆಲಸಗಳನ್ನು ಮಾಡಿಸಿದನು. ಒಂದು, ದೇಶದ ಎಲ್ಲ ಧರ್ಮಸಂಸ್ಥೆಗಳ ಆದಾಯದ ಪಟ್ಟಿ. ಇನ್ನೊಂದು, ಮಠಗಳ ನಡೆವಳಿಕೆಯ ತನಿಖೆ. ತನಿಖೆಗೆ ಹೋದವರು ಒಡೆಯನಿಗೆ ಬೇಕಾದುದನ್ನೇ ಹುಡುಕಿ ತಂದರೆಂಬುದು ನಿಜ. ಆದರೆ ಕೆಲವು ಮಠಗಳಲ್ಲಿ ನಿವಾಸಿಗಳ ಸಂಖ್ಯೆ ಬಹಳ ಇಳಿದು, ಆದಾಯ ಮಾತ್ರ ಉಳಿದಿದ್ದಿತೆಂಬುದೂ ನಿಜ. 1536ರ ಶಾಸನದಿಂದ ವರ್ಷಕ್ಕೆ 200 ಪೌಂಡುಗಳಿಗಿಂತ ಕಡಿಮೆ ಉತ್ಪನ್ನವಿದ್ದ ಮಠಗಳು ಮುಚ್ಚಿದವು. ದೊಡ್ಡ ಮಠಗಳ ಸರದಿ ಅದರ ಹಿಂದೆಯೇ ಬಂದಿತು. 1540ರ ಮಾರ್ಚ ತಿಂಗಳಲ್ಲಿ ವಾಲ್ಥಮ್ ಮಠವು ಶರಣಾಗುವುದರೊಂದಿಗೆ ಒಂದು ಸಾವಿರ ವರ್ಷಗಳಷ್ಟು ಹಳೆಯ ಸಂಪ್ರದಾಯವು ನಾಲ್ಕೇ ವರ್ಷಗಳಲ್ಲಿ ಕೊನೆಗೊಂಡಿತು.

ಈ ಸಂಪತ್ತು ಎಲ್ಲಿಗೆ ಹೋಯಿತು? ಒಂದಂಶ ವಿದ್ಯೆಗೆ ಸಂದಿತು. ಹೆನ್ರಿಯು 1546ರಲ್ಲಿ ಕೇಂಬ್ರಿಜಿನ ಟ್ರಿನಿಟಿ ಕಾಲೇಜನ್ನು ಸ್ಥಾಪಿಸಿದನು. ಎಡ್ವರ್ಡನ ಹೆಸರಿನಲ್ಲಿ ಬರ್ಮಿಂಗಹ್ಯಾಮ್, ಶ್ರೂಸ್‌ಬರಿ ಮುಂತಾದ ಪಟ್ಟಣಗಳಲ್ಲಿ ಶಾಲೆಗಳು ನಡೆದವು. ಆದರೆ ಭೂಮಿಯ ಬಹುಭಾಗವನ್ನು ಮಾರಿ ಬಂದ ಹಣವು ಫ್ರಾನ್ಸ್ ಮತ್ತು ಸ್ಕಾಟ್‌ಲಂಡಗಳ ಯುದ್ಧಗಳಲ್ಲಿ ಕರಗಿಹೋಯಿತು. ಭೂಮಿ ಕೊಂಡವರು ಆಸ್ಥಾನದ ಶ್ರೀಮಂತರು ಮತ್ತು ಊರ ಜಮೀನುದಾರರು. ಮೇರಿ ರಾಣಿಯು ಹಳೆಯ ಧರ್ಮವನ್ನು ಮರಳಿ ತಂದಳಾದರೂ ಆ ಭೂಮಿಯನ್ನು ಮರಳಿ ತರಲಾರದೆ ಹೋದಳು. ಕೊಂಡವರ ಹಕ್ಕಿಗೆ ಧಕ್ಕೆಯಿಲ್ಲವೆಂದು ಮಾತು ಕೊಟ್ಟ ಮೇಲೆಯೇ ಪಾರ್ಲಿಮೆಂಟು ರೋಮಿನೊಡನೆ ಸಂಧಿಗೆ ಒಪ್ಪಿತು.

ಮಠಗಳ ಗ್ರಂಥಭಂಡಾರಗಳಿಗೆ ಬಂದ ಗತಿ ಇನ್ನೂ ಶೋಚನೀಯವಾದುದು. ಜಾನ್ ಬೇಲ್ ಎಂಬ ಲೇಖಕನು ಸುಧಾರಣೆಯ ಕಟ್ಟಾ ಪಕ್ಷಪಾತಿಯಾಗಿದ್ದರೂ, ಮಠಗಳ ಹೊತ್ತಗೆಗಳು ಕಿರಾಣಿಯವರಿಗೂ ಸಾಬೂನು ಮಾರುವವರಿಗೂ ಪೊಟ್ಟಣ ಕಟ್ಟಲು ಮಾರಾಟವಾದುದನ್ನು ಕಂಡು 1549ರಲ್ಲಿ ದುಃಖದಿಂದ ಬರೆದನು.

ಇಷ್ಟೆಲ್ಲ ಆಗುವಾಗ ಜನರು ಸುಮ್ಮನಿದ್ದರೇ? ಇಲ್ಲಿ ಒಂದು ಪಾಠವಿದೆ. 1536ರ ಚಳಿಗಾಲದ ಹೊತ್ತಿಗೆ ಉತ್ತರ ಇಂಗ್ಲಂಡದಲ್ಲಿ ಸಾವಿರಾರು ಜನ ದಂಗೆಯೆದ್ದರು. ‘ಕೃಪಾಯಾತ್ರೆ’ ಎಂದು ಹೆಸರಾದ ಆ ಬಂಡಾಯದ ನಾಯಕ ರಾಬರ್ಟ್ ಆಸ್ಕನು, ಉತ್ತರದ ಮಠಗಳು ಬಡವರಿಗೆ ಧಾರಾಳವಾಗಿ ದಾನ ಮಾಡುತ್ತಿದ್ದವೆಂದೂ ದಾರಿಹೋಕರಿಗೆ ಆಸರೆಯಾಗಿದ್ದವೆಂದೂ ವಿಚಾರಣೆಯಲ್ಲಿ ಹೇಳಿದನು; 1537ರಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ದಕ್ಷಿಣದ ಸಿರಿವಂತ ಪ್ರಾಂತಗಳಲ್ಲಿ ಅಂಥ ದಂಗೆ ನಡೆಯಲಿಲ್ಲ. ಅಲ್ಲಿ ಭೂಮಿ ಕೊಳ್ಳುವವರು ಮುಂದೆ ಬಂದರು. ದಾಸೋಹದ ಒಲೆ ಉರಿಯುತ್ತಿದ್ದ ಮಠಕ್ಕಾಗಿ ಜನರು ಪ್ರಾಣ ಕೊಟ್ಟರು. ಸೇವೆ ನಿಂತು ಆಸ್ತಿ ಮಾತ್ರ ಉಳಿದಿದ್ದ ಮಠದ ಪರವಾಗಿ ಬಾಯಿ ತೆರೆಯುವವರು ವಿರಳವಾದರು.

ಧರ್ಮ ಮತ್ತು ಜನಭಾಷೆ

ಇಂಗ್ಲಂಡದ ಸುಧಾರಣೆಯ ಶಾಶ್ವತ ಫಲವೆಂದರೆ ಜನಭಾಷೆಯಲ್ಲಿ ಬಂದ ಧರ್ಮಗ್ರಂಥ. ಅದರ ಬೀಜವನ್ನು ಬಿತ್ತಿದವನು ಅರಸನಲ್ಲ. ವಿಲಿಯಂ ಟಿಂಡೇಲನು ಪರದೇಶದಲ್ಲಿ ಅಡಗಿಕೊಂಡು ಹೊಸ ಒಡಂಬಡಿಕೆಯನ್ನು ಇಂಗ್ಲಿಷಿಗೆ ತಂದು 1526ರಲ್ಲಿ ಅಚ್ಚು ಹಾಕಿಸಿದನು. 1536ರಲ್ಲಿ ಬ್ರಸೆಲ್ಸಿನ ಸಮೀಪದಲ್ಲಿ ಮರಣದಂಡನೆಗೆ ಗುರಿಯಾದನು. ಮೂರೇ ವರ್ಷಗಳಲ್ಲಿ, ಬಹುಮಟ್ಟಿಗೆ ಅವನ ಶ್ರಮದ ಫಲವಾದ ಬೈಬಲ್ಲನ್ನು ಹೆನ್ರಿಯು ತನ್ನದೇ ಅಧಿಕಾರದಿಂದ ಪ್ರಕಟಿಸಿ ಊರೂರ ಚರ್ಚುಗಳಲ್ಲಿ ಇರಿಸಿದನು. ಆದರೆ ಜನರು ಓದಿ ಚರ್ಚಿಸತೊಡಗಿದಾಗ ಅರಸನಿಗೆ ಅಂಜಿಕೆ ಹುಟ್ಟಿತು. 1543ರ ಶಾಸನವು ಕುಶಲಕರ್ಮಿಗಳು, ಕೆಲಸ ಕಲಿಯುವ ಹುಡುಗರು, ರೈತರು, ಕೂಲಿಕಾರರು ಮತ್ತು ಕೆಳವರ್ಗದ ಸ್ತ್ರೀಯರು ಬೈಬಲ್ಲನ್ನು ಓದಕೂಡದೆಂದು ನಿಷೇಧಿಸಿತು.

ಈ ನಿಷೇಧದ ಪಟ್ಟಿಯನ್ನು ಓದುವ ಕನ್ನಡಿಗನಿಗೆ ಒಂದು ಸಂಗತಿ ಹೊಳೆಯದಿರದು. ಹೆನ್ರಿಗಿಂತ ಸುಮಾರು ನಾನೂರು ವರ್ಷ ಮೊದಲು ಕನ್ನಡ ನಾಡಿನಲ್ಲಿ ಅನುಭಾವದ ಮಾತನ್ನು ಆಡಿದವರಲ್ಲಿ ಅನೇಕರು ಇಂಥ ವರ್ಗಗಳಿಗೇ ಸೇರಿದವರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ಇವರು ಧರ್ಮಗ್ರಂಥವನ್ನು ಓದಲು ಅಪ್ಪಣೆ ಕೇಳಿದವರಲ್ಲ. ಅವರ ಮಾತೇ ಮುಂದೆ ಧರ್ಮಗ್ರಂಥವಾಯಿತು. ಹದಿನೈದನೆಯ ಶತಮಾನದಲ್ಲಿ ಪ್ರೌಢದೇವರಾಯನ ಕಾಲಕ್ಕೆ ಲಕ್ಕಣ್ಣ ದಂಡೇಶ, ಜಕ್ಕಣಾರ್ಯರಂಥವರ ಆಶ್ರಯವು ಶರಣಸಾಹಿತ್ಯಕ್ಕೆ ದೊರೆಯಿತೆಂಬುದು ಸತ್ಯ. ಆದರೆ ಅದನ್ನು ಶತಮಾನಗಳ ಕಾಲ ಕಾಯ್ದುಕೊಂಡು ಬಂದವು ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಇದ್ದ ತಾಡವೋಲೆಯ ಕಟ್ಟುಗಳು. ಆದಿಲಶಾಹಿ ಅಳಿದು ಎಷ್ಟೋ ಕಾಲವಾದ ಮೇಲೆ, ಅದೇ ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಆ ಕಟ್ಟುಗಳನ್ನು ಊರೂರು ತಿರುಗಿ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಜಾನ್ ಬೇಲನು ಕಂಡಂತೆ ಆ ಓಲೆಗಳು ಅಂಗಡಿಯ ಪಾಲಾಗಿದ್ದರೆ ಹಳಕಟ್ಟಿಯವರ ತಪಸ್ಸಿಗೆ ಸಾಮಗ್ರಿಯೇ ಇರುತ್ತಿರಲಿಲ್ಲ.

ಜನಭಾಷೆಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆಯೂ ಅವಶ್ಯ. ರಾಜಧಾನಿಯ ಭಾಷೆಯೆಲ್ಲ ಜನಭಾಷೆಯಾಗಲಾರದು. 1549ರಲ್ಲಿ ಇಂಗ್ಲಿಷ್ ಪ್ರಾರ್ಥನಾಗ್ರಂಥವು ಕಾರ್ನ್‌ವಾಲ್ ಪ್ರಾಂತವನ್ನು ಮುಟ್ಟಿದಾಗ, ತಮ್ಮಲ್ಲಿ ಕೆಲವರಿಗೆ ಇಂಗ್ಲಿಷೇ ತಿಳಿಯದೆಂದು ಅಲ್ಲಿಯ ಜನ ದೂರಿ ಬಂಡೆದ್ದರು. ಆ ಬಂಡಾಯವನ್ನು ರಕ್ತದಲ್ಲಿ ಮುಳುಗಿಸಲಾಯಿತು. ವೇಲ್ಸ್ ಪ್ರಾಂತದ ವಿಷಯದಲ್ಲಿ ಎಲಿಜಬೆತ್ ರಾಣಿಯ ಸರಕಾರ ಹೆಚ್ಚು ವಿವೇಕದಿಂದ ನಡೆದು, ಬೈಬಲ್ಲನ್ನು ಆ ನಾಡಿನ ನುಡಿಗೆ ತರಲು 1563ರಲ್ಲಿ ಶಾಸನ ಮಾಡಿತು. ವಿಲಿಯಂ ಮಾರ್ಗನ್ ಮಾಡಿದ ಅನುವಾದ 1588ರಲ್ಲಿ ಹೊರಬಂದಿತು. ಕಾರ್ನ್‌ವಾಲಿನ ನುಡಿ ಮುಂದೆ ನಿತ್ಯದ ಬಳಕೆಯಿಂದ ಅಳಿಸಿಹೋಯಿತು. ವೇಲ್ಸ್ ನುಡಿ ಜೀವ ಹಿಡಿದು ಉಳಿಯಿತು.

1585: ಕಿತ್ತೂರಿನ ಉದಯ

ಇಂಗ್ಲಂಡದಲ್ಲಿ 1585ರಲ್ಲಿ ಮತ್ತೊಂದು ಕಠಿಣ ಶಾಸನವಾಯಿತು. ಪರದೇಶದಲ್ಲಿ ದೀಕ್ಷೆ ಪಡೆದ ಕ್ಯಾಥೊಲಿಕ್ ಪಾದ್ರಿಯು ದೇಶದೊಳಗೆ ಕಾಲಿರಿಸುವುದೇ ರಾಜದ್ರೋಹವೆಂದೂ, ಅವನಿಗೆ ಆಶ್ರಯ ಕೊಡುವುದು ಮರಣದಂಡನೆಗೆ ಅರ್ಹವಾದ ಅಪರಾಧವೆಂದೂ ಅದು ಸಾರಿತು. ಮರುವರ್ಷ ಯಾರ್ಕ್ ನಗರದಲ್ಲಿ ಮಾರ್ಗರೆಟ್ ಕ್ಲಿದರೋ ಎಂಬ ಗೃಹಿಣಿಯು ಪಾದ್ರಿಗಳಿಗೆ ಮನೆಯಲ್ಲಿ ತಾವು ಕೊಟ್ಟ ಆರೋಪಕ್ಕೆ ಒಳಗಾಗಿ, ವಿಚಾರಣೆಗೆ ಉತ್ತರ ಕೊಡಲು ಒಪ್ಪದ್ದರಿಂದ, ಭಾರದ ಕೆಳಗೆ ಜಜ್ಜಲ್ಪಟ್ಟು ಸತ್ತಳು.

ಅದೇ 1585ರಲ್ಲಿ, ಎರಡನೆಯ ಇಬ್ರಾಹಿಮನ ಆಳಿಕೆಯಲ್ಲಿ, ಸಗರದ ಕಡೆಯಿಂದ ಹಿರೇಮಲ್ಲಶೆಟ್ಟಿ ಮತ್ತು ಚಿಕ್ಕಮಲ್ಲಶೆಟ್ಟಿ ಎಂಬ ಲಿಂಗಾಯತ ಸಹೋದರರು ವಿಜಾಪುರದ ಸೈನ್ಯದೊಡನೆ ಸಂಪಗಾವಿಯ ಸೀಮೆಗೆ ಬಂದರೆಂದೂ, ಯುದ್ಧದಲ್ಲಿ ತೋರಿದ ಪರಾಕ್ರಮಕ್ಕಾಗಿ ಬಿರುದು ಮತ್ತು ಸರದೇಶಮುಖಿಯ ಹಕ್ಕನ್ನು ಪಡೆದರೆಂದೂ ಕಿತ್ತೂರ ದೇಸಗತಿಯ ಮೂಲವೃತ್ತಾಂತ ಹೇಳುತ್ತದೆ. ಒಬ್ಬ ಸುನ್ನಿ ಸುಲ್ತಾನನ ಸೇವೆಯಲ್ಲಿ ಇಷ್ಟಲಿಂಗಧಾರಿಗಳು ಮಾನ್ಯತೆಗೆ ಬಂದರು. ಅದಕ್ಕಾಗಿ ಅವರು ತಮ್ಮ ಆರಾಧನೆಯನ್ನು ಬಿಡಬೇಕಾಗಲಿಲ್ಲ.

ಈ ಭೇದಕ್ಕೆ ಕಾರಣವೇನು? ಟ್ಯೂಡರ್ ಅರಸರ ಆಜ್ಞೆ ಪ್ರತಿಯೊಂದು ಊರಿನ ಚರ್ಚನ್ನೂ ಪ್ರತಿಯೊಬ್ಬ ಪ್ರಜೆಯ ಮನಸ್ಸಾಕ್ಷಿಯನ್ನೂ ಮುಟ್ಟಬಯಸಿತು. ಆದಿಲಶಾಹಿಯ ಪಂಥಾಜ್ಞೆಯಾದರೋ ಮಸೀದಿಯ ಖುತ್ಬಾ, ದಂಡು ಮತ್ತು ಕಚೇರಿ ಇವುಗಳಲ್ಲಿ ಹೆಚ್ಚಾಗಿ ನಿಂತುಹೋಯಿತು. ಪ್ರಜೆಗಳಲ್ಲಿ ಬಹುಸಂಖ್ಯಾತರು ಆ ಎರಡು ಪಂಥಗಳಲ್ಲಿ ಯಾವುದಕ್ಕೂ ಸೇರಿದವರಲ್ಲ. ದೇಸಾಯಿ, ಗೌಡ, ಕುಲಕರ್ಣಿಗಳ ಮೂಲಕ ನಡೆಯುತ್ತಿದ್ದ ಹಳ್ಳಿಯ ಬಾಳು ತನ್ನ ಗುಡಿ, ಮಠ, ಜಾತ್ರೆಗಳೊಡನೆ ಸಾಗುತ್ತಿತ್ತು. ಇದರ ಮೇಲಿಂದ ಆ ಕಾಲವನ್ನು ರಾಮರಾಜ್ಯವೆಂದು ಚಿತ್ರಿಸಲಾಗದು. 1565ರ ರಕ್ಕಸಗಿ-ತಂಗಡಗಿ ಯುದ್ಧದ ಮರುದಶಕದಲ್ಲಿ ಅಲಿ ಆದಿಲಶಹನ ದಂಡು ತೊರಗಲ್ಲು, ಧಾರವಾಡ, ಬಂಕಾಪುರಗಳ ಕೋಟೆಗಳನ್ನು ಹಿಡಿಯಿತು. ಬಂಕಾಪುರದಲ್ಲಿ ಭವ್ಯವಾದ ದೇವಾಲಯವೊಂದನ್ನು ಕೆಡವಿಸಿ ಅಲ್ಲಿ ಮಸೀದಿಗೆ ಅಡಿಗಲ್ಲಿಟ್ಟನೆಂದು ಫಿರಿಸ್ತಾನೇ ದಾಖಲಿಸಿದ್ದಾನೆ. ಎರಡನೆಯ ಇಬ್ರಾಹಿಮನಾದರೋ ಸಂಗೀತಪ್ರಿಯನಾಗಿ, ‘ಕಿತಾಬ್-ಇ-ನವರಸ’ದಲ್ಲಿ ಸರಸ್ವತಿಯನ್ನು ಸ್ತುತಿಸಿ, ‘ಜಗದ್ಗುರು’ ಎಂದು ಹೆಸರಾದನು. ಒಂದೇ ಮನೆತನದ ಇಬ್ಬರು ಅರಸರಲ್ಲಿ ಇಷ್ಟು ಅಂತರ. ಅರಸನ ಸ್ವಭಾವವೇ ಪ್ರಜೆಗಳ ರಕ್ಷೆಯಾಗಿದ್ದಾಗ, ಆ ರಕ್ಷೆ ಅವನ ಆಯುಷ್ಯವನ್ನು ಮೀರಿ ಬಾಳಲಾರದು.

ಉತ್ತರಾಧಿಕಾರದ ಪ್ರಶ್ನೆ

ಎಲಿಜಬೆತ್ ರಾಣಿಯು ತನ್ನ ಕೊನೆಗಾಲದಲ್ಲಿ, 1600ರ ಡಿಸೆಂಬರ್ 31ರಂದು, ಲಂಡನ್ನಿನ ವರ್ತಕರ ಒಂದು ಸಂಘಕ್ಕೆ ಪೂರ್ವದೇಶಗಳೊಡನೆ ವ್ಯಾಪಾರ ಮಾಡಲು ಸನದು ಕೊಟ್ಟಳು. ಅದೇ ಈಸ್ಟ್ ಇಂಡಿಯಾ ಕಂಪನಿ. ವಿಜಾಪುರವು 1686ರಲ್ಲಿ ಔರಂಗಜೇಬನ ವಶವಾಯಿತು. ಕಂಪನಿಯು ಬೆಳೆಯುತ್ತ ಬಂದು, 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರ ಸರ್ಜನು ತೀರಿಕೊಂಡಾಗ, ಅವನ ದತ್ತಕವನ್ನು ಒಪ್ಪದೆ ಸಂಸ್ಥಾನದ ಬೊಕ್ಕಸಕ್ಕೆ ಮುದ್ರೆ ಹಾಕಿತು. ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಬಿದ್ದುದು, ಡಿಸೆಂಬರದಲ್ಲಿ ಕೋಟೆ ಕೈತಪ್ಪಿದುದು ಈ ಭಾಗದ ಮಕ್ಕಳಿಗೆಲ್ಲ ತಿಳಿದ ಚರಿತ್ರೆ. ರಾಣಿ ಚೆನ್ನಮ್ಮನು 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಲಿಂಗೈಕ್ಯಳಾದಳು. ಅದೇ 1829ರಲ್ಲಿ ಇಂಗ್ಲಂಡದ ಪಾರ್ಲಿಮೆಂಟು ಕ್ಯಾಥೊಲಿಕರಿಗೆ ತನ್ನ ಸಭೆಯಲ್ಲಿ ಕೂಡ್ರುವ ಹಕ್ಕನ್ನು ಕೊಟ್ಟಿತು. ಹೆನ್ರಿಯ ಶಾಸನದಿಂದ ಎದ್ದ ಗೋಡೆಯಲ್ಲಿ ಬಾಗಿಲು ತೆರೆಯಲು ಸುಮಾರು ಮುನ್ನೂರು ವರ್ಷ ಹಿಡಿಯಿತು.

ಈ ಇಡೀ ಕಥೆಯೊಳಗೆ ಒಂದು ಎಳೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಅದು ಉತ್ತರಾಧಿಕಾರಿಯ ಚಿಂತೆ. ಗಂಡುಮಗುವಿನ ಹಂಬಲದಿಂದ ಹೆನ್ರಿಯು ಒಂದು ದೇಶದ ಧರ್ಮವ್ಯವಸ್ಥೆಯನ್ನೇ ಬುಡಮೇಲು ಮಾಡಿದನು. ಅಲಿ ಆದಿಲಶಹನಿಗೆ ಮಕ್ಕಳಿಲ್ಲದಿರಲು ರಾಜಪಂಥವು ಪ್ರತಿನಿಧಿಗಳ ಕೈಯಲ್ಲಿ ಮತ್ತೆ ಹೊರಳಿತು. ಕಿತ್ತೂರಿನಲ್ಲಿ ದತ್ತಕವನ್ನು ನಿರಾಕರಿಸಿ ಪರರು ರಾಜ್ಯವನ್ನು ನುಂಗಿದರು.

ಇದೇ ಸವದತ್ತಿಯ ಸೀಮೆಯಲ್ಲಿ ಆ ಪ್ರಶ್ನೆಗೆ ಬೇರೊಂದು ಉತ್ತರವೂ ದೊರೆತಿದೆ. ಸಿರಸಂಗಿಯ ದೇಸಗತಿಗೆ ದತ್ತಕವಾಗಿ ಬಂದ ತ್ಯಾಗವೀರ ಲಿಂಗರಾಜ ದೇಸಾಯಿಯವರು 1904ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷರಾಗಿದ್ದರು. 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ಅವರು ತಮ್ಮ ಸಮಸ್ತ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಮೀಸಲಿಟ್ಟರು. ಓದುವ ಹುಡುಗರೇ ಅವರ ವಾರಸುದಾರರಾದರು. ಬೆಳಗಾವಿಯಲ್ಲಿ 1933ರಲ್ಲಿ ಆರಂಭವಾದ ಲಿಂಗರಾಜ ಕಾಲೇಜು ಅವರ ಹೆಸರನ್ನು ಹೊತ್ತಿದೆ.

ಹೆನ್ರಿಯ ಕಾಲದಲ್ಲಿ ವಿದ್ಯೆ ಮತ್ತು ದಾಸೋಹಗಳ ಭೂಮಿ ಶ್ರೀಮಂತರ ಮನೆ ಸೇರಿತು. ಸಿರಸಂಗಿಯಲ್ಲಿ ಶ್ರೀಮಂತನ ಭೂಮಿ ವಿದ್ಯೆಗೆ ಸಂದಿತು. ಮೊದಲನೆಯದು ರಾಜಶಾಸನದ ಬಲದಿಂದ ಆದುದು, ಎರಡನೆಯದು ಒಬ್ಬ ಗೃಹಸ್ಥನ ಇಚ್ಛೆಯಿಂದ ಆದುದು. ವಿಜಾಪುರದ ಖುತ್ಬಾದಲ್ಲಿ ಯಾರ ಹೆಸರು ಬರಬೇಕೆಂಬ ಕಲಹವನ್ನು ಇಂದು ಇತಿಹಾಸದ ವಿದ್ಯಾರ್ಥಿಗಳು ಮಾತ್ರ ಬಲ್ಲರು; ಲಿಂಗರಾಜರ ಹೆಸರನ್ನು ಅವರ ದತ್ತಿಯಿಂದ ಓದಿದ ಮನೆತನಗಳು ಇಂದಿಗೂ ನೆನೆಯುತ್ತವೆ. ಉತ್ತರ ಇಂಗ್ಲಂಡದ ರೈತರು ತಮ್ಮ ಮಠಗಳಿಗಾಗಿ ಎದ್ದು ನಿಂತ ಕಾರಣವೂ ಇದೇ ಆಗಿದ್ದಿತು. ಅನ್ನವನ್ನೂ ಅಕ್ಷರವನ್ನೂ ಜನರಿಗೆ ನಿತ್ಯವೂ ಮುಟ್ಟಿಸುವ ಸಂಸ್ಥೆಯನ್ನು ಜನರೇ ಕಾಯುತ್ತಾರೆ. ಅದನ್ನು ನಡೆಸುವವರೂ, ಅದಕ್ಕೆ ದಾನ ಮಾಡುವವರೂ, ಅದರಲ್ಲಿ ಕಲಿತು ಹೊರಬಿದ್ದವರೂ ಈ ಮಾತನ್ನು ತಮ್ಮ ತಮ್ಮ ಪಾಲಿಗೆ ಅನ್ವಯಿಸಿಕೊಂಡು ನೋಡಿದರೆ, ನಾಲ್ಕೂವರೆ ಶತಮಾನಗಳಿಗೂ ಹಿಂದಿನ ಈ ಚರಿತ್ರೆಯ ಅಭ್ಯಾಸ ಸಾರ್ಥಕವಾಗುವುದು.